ಮರೆಮ್ಮನ ಮೆರವಣಿಗೆ

ಪುರಸಭೆಗೆ ನೂರೈವತ್ತು ವರ್ಷ ತುಂಬಿದ ಸಂಭ್ರಮದಲ್ಲಿ ನಿನಗೂ ಸತ್ಕಾರ ಇದೆ ಎಂದು ಮಗ ಫಕೀರಪ್ಪ ಹೇಳಿದಾಗ, ಮರೆಮ್ಮ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ನಕ್ಕುಬಿಟ್ಟಳು.

"ನನಗ್ಯಾಕೋ? ನಾ ಏನ್ ಸಾಲಿ ಕಟ್ಟಿಸೀನೇನು?"

"ಊರಿನ ಹಳೇ ಮಂದಿಗೆಲ್ಲಾ ಮಾಡ್ತಾರವ್ವ. ಸೀರಿ ಕೊಡ್ತಾರ. ನೀ ಟ್ರ್ಯಾಕ್ಟರ್ ಮ್ಯಾಲ ಬಂದ್ರ ಆತು."

ಪುಣೆಯಿಂದ ಶಿರೂರಿಗೆ ಹೋಗುವ ರಸ್ತೆಯಿಂದ ಒಳಗಿದ್ದ ಸಣ್ಣ ಊರು ಅದು. ಒಳಚರಂಡಿ ಬರುವ ಮೊದಲು ಅಲ್ಲಿನ ಪಾಯಖಾನೆಗಳನ್ನು ಬಳಿಯಲು ಪುರಸಭೆಯವರು ಇಂಡಿ ಕಡೆಯಿಂದ ಕೆಲವು ಮನೆತನಗಳನ್ನು ಕರೆತಂದಿದ್ದರು. ಮರೆಮ್ಮ ಅಂಥದೊಂದು ಮನೆಗೆ ಸೊಸೆಯಾಗಿ ಬಂದು, ಮದುವೆಯ ಅರಿಶಿನ ಆರುವ ಮೊದಲೇ ಮಲದ ಬುಟ್ಟಿ ಹೊತ್ತಳು. ಆ ಕೆಲಸ ನಿಂತು, ಗಂಡ ತೀರಿಕೊಂಡ ಮೇಲೆ ಊರಿನ ಇನ್ನೊಂದು ತುದಿಗೆ ಮನೆ ಬದಲಿಸಿ ಜೋಳದ ರೊಟ್ಟಿ ಮಾಡಿ ಮಾರತೊಡಗಿದಳು. ಬ್ಯಾಂಕಿನಲ್ಲಿ, ಕಚೇರಿಗಳಲ್ಲಿ ಇದ್ದ ಕನ್ನಡದವರ ಮನೆಗಳಿಗೆ ಅವಳದೇ ರೊಟ್ಟಿ. ಮೊದಲು ಏನು ಮಾಡುತ್ತಿದ್ದೆ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಫಕೀರಪ್ಪ ಪುರಸಭೆಯಲ್ಲಿ ಗುತ್ತಿಗೆಯ ಗುಮಾಸ್ತನಾಗಿದ್ದು, ಖಾಯಂ ಆಗುವುದನ್ನೇ ಕಾಯುತ್ತಿದ್ದ.

ಮೆರವಣಿಗೆಯ ದಿನ ಮರೆಮ್ಮ ಇದ್ದುದರಲ್ಲೇ ಒಳ್ಳೆಯ ಇಳಕಲ್ ಸೀರೆ ಉಟ್ಟು ಹೋದಳು. ಪುರಸಭೆಯ ಅಂಗಳದಲ್ಲಿ ಟ್ರ್ಯಾಕ್ಟರುಗಳು ಸ್ತಬ್ಧಚಿತ್ರಗಳನ್ನು ಹೊತ್ತು ಸಾಲಾಗಿ ನಿಂತಿದ್ದವು. ಒಂದರ ಮೇಲೆ ಊರಿನ ಮೊದಲ ಶಾಲೆ, ಒಂದರ ಮೇಲೆ ನೀರಿನ ಟಾಕಿ. ಅವಳನ್ನು ಹತ್ತಿಸಿದ ಟ್ರಾಲಿಯಲ್ಲಿ ರಟ್ಟಿನ ಪಾಯಖಾನೆಗಳು. ಉತ್ಸವ ಸಮಿತಿಯವನೊಬ್ಬ ಅವಳ ಕೈಗೆ ಪೊರಕೆ, ಬಿದಿರಿನ ಬುಟ್ಟಿ ಕೊಟ್ಟು, "ಆಜೀ, ತಲೆ ಮೇಲೆ ಇಟ್ಟುಕೊಂಡು ನಿಲ್ಲಿ" ಎಂದು ಮರಾಠಿಯಲ್ಲಿ ಹೇಳಿದ.

ಮರೆಮ್ಮ ಮಗನನ್ನು ಹುಡುಕಿದಳು. ಅವನು ಟ್ರಾಲಿಯ ಬಳಿ ಬಂದು ದನಿ ತಗ್ಗಿಸಿದ. "ಹೊರು ಅವ್ವ. ಅಧ್ಯಕ್ಷ ಸಾಹೇಬ್ರು ನೋಡಾಕತ್ತಾರ. ನೀ ಹೊತ್ರ ನನ್ನ ಖಾಯಂ ಮಾಡ್ತೀನಿ ಅಂತ ಮಾತು ಕೊಟ್ಟಾರ."

"ನಾ ಈ ಕೆಲಸ ಮಾಡೀನಂತ ಅವರಿಗೆ ಹೇಳಿದಾವ ನೀನಾ?"

ಫಕೀರಪ್ಪ ಮುಖ ತಿರುಗಿಸಿದ. ಮರೆಮ್ಮ ಬುಟ್ಟಿ ತಲೆಗಿಟ್ಟುಕೊಂಡಳು. ಅಧ್ಯಕ್ಷರು ಸ್ವತಃ ಬಂದು ನೋಡಿ, ಬುಟ್ಟಿ ತೀರಾ ಹೊಸದಾಯಿತು ಎಂದರು. ಯಾರೋ ಓಡಿಹೋಗಿ ಕೆಸರು ತಂದು ಅದರ ಅಂಚಿಗೆಲ್ಲ ಬಳಿದರು. ಅದು ಅವಳ ಹಣೆಯ ಮೇಲೆ ಇಳಿಯಿತು.

ಪೇಟೆಯ ತುಂಬ ಜನ. "ಇದು ನಾಟಕವಲ್ಲ!" ಎಂದು ಧ್ವನಿವರ್ಧಕ ಕೂಗಿತು. "ಈ ಆಜಿ ನಿಜವಾಗಿ ಹೊತ್ತವಳು! ನಮ್ಮ ಊರು ಎಲ್ಲಿಂದ ಎಲ್ಲಿಗೆ ಬಂತು ನೋಡಿ!" ಜನ ಚಪ್ಪಾಳೆ ತಟ್ಟಿದರು, ಶಾಲೆಯ ಮಕ್ಕಳು ಮೂಗು ಹಿಡಿದು ನಕ್ಕರು. ಬ್ಯಾಂಕಿನವರ ಹೆಂಡತಿ ಶೈಲಶ್ರೀ ಬಾಲ್ಕನಿಯಿಂದ ಫೋಟೋ ತೆಗೆಯುತ್ತಿದ್ದವಳು ಮರೆಮ್ಮನ ಗುರುತು ಹತ್ತುತ್ತಲೇ ಫೋನು ಇಳಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಆ ಟ್ರಾಲಿಗೇ ಮೊದಲ ಬಹುಮಾನ ಬಂತು. ಅಧ್ಯಕ್ಷರು ಬಹುಮಾನದ ಢಾಲು ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡರು.

ಮರುದಿನ ಮರೆಮ್ಮ ರೊಟ್ಟಿ ಕಟ್ಟಿಕೊಂಡು ಶೈಲಶ್ರೀಯ ಮನೆಗೆ ಹೋದಳು. ಯಾವಾಗಲೂ ಒಳಗೆ ಕರೆದು ಚಹಾ ಕೊಡುತ್ತಿದ್ದವಳು ಅಂದು ಬಾಗಿಲ ಸರಪಳಿ ತೆಗೆಯಲಿಲ್ಲ.

"ಇನ್ನ ರೊಟ್ಟಿ ಬ್ಯಾಡ್ರಿ. ಮನ್ಯಾಗ ಎಲ್ಲಾರೂ ಚಪಾತಿಗೆ ಹೊಂದ್ಯಾರ."

"ಒಂದಿನದಾಗ ಹೊಂದಿದ್ರೇನ್ರೀ?"

ಬಾಗಿಲು ಮುಚ್ಚಿತು. ಉಳಿದ ಮನೆಗಳಲ್ಲೂ ಒಂದೊಂದು ನೆಪ. ತಂದ ಗಂಟು ಹಾಗೇ ಮನೆಗೆ ಮರಳಿತು. ಬಡಿಯಲು ಕುಳಿತರೆ ಕೊಳ್ಳುವವರಿಲ್ಲವೆಂದು ಅವಳು ಒಲೆ ಹೊತ್ತಿಸುವುದನ್ನೇ ಕಡಿಮೆ ಮಾಡಿದಳು.

ಅಧ್ಯಕ್ಷರು ಮಾತು ಉಳಿಸಿಕೊಂಡರು. ಒಂದು ಸಂಜೆ ಫಕೀರಪ್ಪ ಬಂದು ಹೊಸ್ತಿಲ ಮೇಲೆಯೇ ಕುಸಿದು ಕುಳಿತ.

"ಖಾಯಂ ಮಾಡ್ಯಾರ. ಗಟಾರ ಬಳಿಯೂದಕ್ಕ. ಆಫೀಸಿನಾಗ ಜಾಗಾ ಇಲ್ಲಂತ, ಸಫಾಯಿ ಮಾಡಿದವರ ಮಕ್ಕಳಿಗೆ ಸಫಾಯಿ ಕೆಲಸಾನ ಸಿಗೂದಂತ. ಎಲ್ಲಾರೂ ನಗಾಕತ್ತಿದ್ರು."

ಮರೆಮ್ಮ ನೀರು ತಂದು ಮುಂದಿಟ್ಟಳು. ಅವನು ತಂಬಿಗೆಯನ್ನು ಒದ್ದ.

"ಒಲ್ಲೆ ಅಂತ ಇಳಿದು ಬರಬೇಕಾಗಿತ್ತು ನೀ! ನಿನಗ ನಾಚಿಕಿ ಇಲ್ಲ. ರೂಢಿ ಇತ್ತು, ಹೊತ್ತಿ!"

ಚೆಲ್ಲಿದ ನೀರನ್ನು ಮರೆಮ್ಮ ಒರೆಸಿದಳು.

ಕೆಲಸಕ್ಕೆ ಹೋಗಬೇಕಾದ ಮೊದಲ ದಿನ ನಸುಕಿನಲ್ಲಿ ಅವಳು ಅವನ ಚಾದರ ಎಳೆದಳು. ಅವನು ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದ.

"ನನ್ನಿಂದ ಆಗಂಗಿಲ್ಲವ್ವ. ಬಿಡಿಸು ಇದನ್ನ. ನೀ ಹೋಗಿ ಸಾಹೇಬ್ರ ಕಾಲ ಹಿಡಿ."

ಅವನು ಸಣ್ಣವನಿದ್ದಾಗ ಹೀಗೆ ಅತ್ತರೆ ಅವಳ ಕರುಳು ಕಿತ್ತು ಬರುತ್ತಿತ್ತು. ಅಂದು ಹಾಗೇನೂ ಆಗಲಿಲ್ಲ. ಅದು ಅವಳಿಗೇ ಸೋಜಿಗವೆನಿಸಿತು.

"ಏಳು," ಎಂದಳು. "ತಡಾ ಆದ್ರ ಮುಕಾದಮ ಬೈತಾನ."

ಅವನು ಎದ್ದು ಹೊರಬೀಳುವವರೆಗೂ ನಿಂತಿದ್ದು, ಬಾಗಿಲ ಅಗುಳಿ ಹಾಕಿಕೊಂಡಳು.