ತಂಗಿಯ ಹಾಗೇ ಇರುವವಳು

ಅಕ್ಕನ ಬಾಯಿ ಎಂದರೆ ಬಾಯಿ. ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಅವಳು ತಂಗಿಯನ್ನು ಬೈಯುವುದು ಗಿರಾಕಿಗಳ ಕಿವಿಗೆ ಬೀಳುತ್ತಿತ್ತು. "ಲೇ ಗುಂಡಿ, ಇದೇನು ಕಾಲರ್ರೋ, ನಾಯಿ ಕಿವಿಯೋ?" ಚಿಕ್ಕಂದಿನಲ್ಲಿ ಅಂಗಿಯ ಗುಂಡಿ ನುಂಗಿ ಮನೆಮಂದಿಯ ಜೀವ ಬಾಯಿಗೆ ತರಿಸಿದ್ದಕ್ಕೆ ತಂಗಿಗೆ ಆ ಹೆಸರು ಅಂಟಿತ್ತು. ಅಕ್ಕ ಬಟ್ಟೆ ಕತ್ತರಿಸುವವಳು, ತಂಗಿ ಹೊಲಿಯುವವಳು. ಮುಂದೆ ಅಂಗಡಿ, ಹಿಂದೆ ಮನೆ. ಮದುವೆಯ ಗೋಜಿಗೆ ಇಬ್ಬರೂ ಹೋಗಿರಲಿಲ್ಲ. ಹಗಲೆಲ್ಲ ಜಗಳ, ಮಲಗುವಾಗ ಒಂದೇ ಹೊದಿಕೆ.

ಅಟ್ಟದಿಂದ ಬಟ್ಟೆಯ ಗಂಟು ಇಳಿಸಲು ಹೋಗಿ ಅಕ್ಕ ಸ್ಟೂಲಿನಿಂದ ಬಿದ್ದಳು. ಆ ಹಾಳು ಸ್ಟೂಲಿನ ಒಂದು ಕಾಲು ಗಿಡ್ಡ ಎಂದು ಇಬ್ಬರಿಗೂ ಗೊತ್ತಿತ್ತು, ರಿಪೇರಿಗೆ ಮಾತ್ರ ಪುರುಸೊತ್ತಿರಲಿಲ್ಲ. ತಲೆಗೇ ಪೆಟ್ಟು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವಳು ಬಂದವರನ್ನೆಲ್ಲ ಗುರುತಿಸಿದಳು, ಪೇಪರ್ ಹಾಕುವವನನ್ನೂ ಸೇರಿಸಿ. ತಂಗಿಯನ್ನು ನೋಡಿ ಮಾತ್ರ ಹುಬ್ಬು ಗಂಟಿಕ್ಕಿದಳು.

"ನನ್ನ ತಂಗಿ ಎಲ್ಲಿ? ನೀವು ಥೇಟ್ ಅವಳ ಹಾಗೇ ಇದ್ದೀರಿ."

"ಅಕ್ಕಾ, ತಮಾಷೆ ಸಾಕು ಮಾಡು."

"ತಮಾಷೆ ಅಲ್ಲಮ್ಮ. ಯಾರು ಕಳಿಸಿದ್ರು ನಿಮ್ಮನ್ನ?"

ಡಾಕ್ಟರಮ್ಮ ತಂಗಿಯನ್ನು ಪಕ್ಕಕ್ಕೆ ಕರೆದು ಕೂರಿಸಿದರು. "ಮುಖ ಗುರುತು ಹಿಡಿಯೋದು ಮಿದುಳಿನ ಒಂದು ಜಾಗ. ನಮ್ಮವರ ಮುಖ ಕಂಡಾಗ ಎದೆ ಬೆಚ್ಚಗಾಗುತ್ತಲ್ಲ, ಅದು ಇನ್ನೊಂದು ಜಾಗದ ಕೆಲಸ. ಎರಡರ ನಡುವಿನ ದಾರಿಗೆ ಪೆಟ್ಟಾಗಿದೆ. ನಿಮ್ಮ ಮುಖ ಅವರಿಗೆ ಕಾಣುತ್ತೆ, ಆದ್ರೆ ಬೆಚ್ಚಗಾಗಲ್ಲ. ಹಾಗಾಗಿ ಇವಳು ನನ್ನ ತಂಗಿ ಅಲ್ಲ ಅಂತ ಮಿದುಳು ತೀರ್ಮಾನ ಮಾಡಿಬಿಟ್ಟಿದೆ."

"ಆ ಪೇಪರ್‌ನವನನ್ನ ಹೇಗೆ ಗುರುತು ಹಿಡಿದಳು ಮತ್ತೆ?"

"ಅವನನ್ನ ಕಂಡ್ರೆ ಅವರಿಗೆ ಮೊದಲೂ ಏನೂ ಆಗ್ತಿರಲಿಲ್ಲವಲ್ಲಮ್ಮ."

ತಂಗಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾತ್ರೆ ತಪ್ಪಿಸಬೇಡಿ, ವಾದಕ್ಕಿಳಿಯಬೇಡಿ, ಕೆಲವರಿಗೆ ಸರಿಹೋಗುತ್ತೆ ಎಂದು ಹೇಳಿ ಡಾಕ್ಟರಮ್ಮ ಎದ್ದರು.

ಮನೆಗೆ ಬಂದ ಅಕ್ಕ ಮರ್ಯಾದಸ್ಥೆಯಾಗಿಬಿಟ್ಟಳು. ಅಯ್ಯೋ, ಆ ಮರ್ಯಾದೆಗಿಷ್ಟು ಬೆಂಕಿ ಬೀಳ! "ತಿಂಡಿ ಆಯ್ತಾ ನಿಮ್ಮದು?" "ನಿಮ್ಮ ಹೊಲಿಗೆ ತುಂಬ ಅಚ್ಚುಕಟ್ಟು." ಹುಟ್ಟಿದಾಗಿನಿಂದ ತಂಗಿ ಕಾದಿದ್ದ ಹೊಗಳಿಕೆ ಅದು. ಈಗ ಸಿಕ್ಕಿತು, ಬೇಡವಾಗಿತ್ತು. ಅಕ್ಕ ತನ್ನ ಹಾಸಿಗೆಯನ್ನು ಗೋಡೆಯ ಪಕ್ಕಕ್ಕೆ ಎಳೆದುಕೊಂಡಳು. ಒಂದು ದಿನ ತಂಗಿ ಬೇಕೆಂತಲೇ ಕಾಲರನ್ನು ಸೊಟ್ಟಗೆ ಹೊಲಿದು ಎದುರಿಗಿಟ್ಟಳು. ಉಗಿಯಲಿ, ಮುಖಕ್ಕೆ ಎಸೆಯಲಿ ಎಂಬ ಆಸೆ. ಅಕ್ಕ ತಿರುಗಿಸಿ ನೋಡಿದಳು. "ಪರವಾಗಿಲ್ಲ ಬಿಡಿ, ಎಲ್ಲರಿಗೂ ಆಗುತ್ತೆ." ತಂಗಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಆಮೇಲೊಮ್ಮೆ ನೂಲು ತರಲು ಪೇಟೆಗೆ ಹೋದವಳಿಗೆ ಬಣ್ಣ ಮರೆತುಹೋಯಿತು. ಅಕ್ಕನ ಮೊಬೈಲಿಗೆ ಫೋನ್ ಮಾಡಿದಳು.

"ಎಲ್ಲಿ ಹಾಳಾಗಿ ಹೋಗಿದ್ದೀಯೇ ಗುಂಡಿ! ಇಷ್ಟು ದಿನ ಒಂದು ಮಾತಿಲ್ಲ, ಕತೆಯಿಲ್ಲ! ಅಕ್ಕ ಇದ್ದಾಳೋ ಸತ್ತಳೋ ಅಂತ ಕೇಳೋಕಾಗಲ್ವೇನೇ?"

ತಂಗಿ ಕೌಂಟರಿನ ಅಂಚು ಹಿಡಿದು ನಿಂತಳು. ಕಣ್ಣಲ್ಲಿ ನೀರು, ಮುಖದ ತುಂಬ ನಗು. ಅಂಗಡಿಯವನು ಗಾಬರಿಯಾಗಿ ಕುರ್ಚಿ ಕೊಟ್ಟ. ಕಿವಿಯ ದಾರಿ ಬೇರೆ, ಅದಕ್ಕೆ ಪೆಟ್ಟಾಗಿಲ್ಲ ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು. ಮುಖ ಎದುರಿಗಿದ್ದರೆ ಮಾತ್ರ ಕಣ್ಣಿನದೇ ಮೇಲುಗೈಯಂತೆ.

ಅಲ್ಲಿಂದ ಮುಂದೆ ಮಧ್ಯಾಹ್ನವಾದರೆ ಸಾಕು, ತಂಗಿ ಏನಾದರೂ ನೆಪ ಹೇಳಿ ಹಿಂದಿನ ಓಣಿಗೆ ಹೋಗಿ, ಗೋಡೆಗೊರಗಿ ಫೋನ್ ಮಾಡುವಳು.

"ಯಾವಾಗ ಬರ್ತೀಯೇ?"

"ಕೆಲಸ ಮುಗೀಲಿ ಅಕ್ಕ."

"ಅದೆಂಥ ಮುಗಿಯದ ಕೆಲಸವೇ! ಇಲ್ಲೊಬ್ಬರಿದಾರೆ, ನಿನ್ನ ಹಾಗೇ. ಪಾಪ, ಒಳ್ಳೆಯವರು. ಆದ್ರೂ ನೀನಿಲ್ಲದೆ ಮನೆ ಭಣಭಣ ಅನ್ನುತ್ತೆ ಕಣೇ."

ಗೋಡೆಯ ಆಚೆಗೆ ಅಕ್ಕ, ಈಚೆಗೆ ಇವಳು. ತಂಗಿಗೆ ತನ್ನ ಮೇಲೆಯೇ ಹೊಟ್ಟೆಕಿಚ್ಚು. ಫೋನಿನಲ್ಲಿರುವ ಆ ಗುಂಡಿಗೆ ಅಕ್ಕ ಇದ್ದಾಳೆ, ತನಗಿಲ್ಲ.

ಕೊನೆಗೆ ತಡೆಯಲಾಗಲಿಲ್ಲ. ಫೋನಿನಲ್ಲಿ ಮಾತಾಡುತ್ತಲೇ ಒಳಗೆ ಹೋಗಿಬಿಡುವುದು ಎಂದು ನಿರ್ಧರಿಸಿದಳು. ತುಟಿ ಆಡುವುದು ಕಾಣಲಿ, ಅದೇ ದನಿ ಕಿವಿಗೆ ಬೀಳಲಿ. ಕೆಟ್ಟರೆ ಫೋನಿನ ಅಕ್ಕನೂ ಕೈತಪ್ಪಬಹುದು, ಅದೂ ಅವಳಿಗೆ ಗೊತ್ತಿತ್ತು. ಡಾಕ್ಟರಮ್ಮನನ್ನು ಕೇಳಲು ಹೋಗಲಿಲ್ಲ. ಕೇಳಿದರೆ ಬೇಡ ಎನ್ನುತ್ತಿದ್ದರು.

"ಅಕ್ಕಾ, ಬಂದೆ. ಹಿಂಬಾಗಿಲ ಹತ್ತಿರಾನೇ ಇದೀನಿ."

"ನಿಜವಾಗ್ಲೂನಾ? ಇರು, ಬಂದೆ ಬಂದೆ!"

ಒಳಗೆ ಕತ್ತರಿ ಮೇಜಿಗೆ ಬಿದ್ದ ಸದ್ದು. ಚಪ್ಪಲಿ ಎಳೆದುಕೊಂಡು ಓಡಿಬಂದ ಸದ್ದು. ಫೋನ್ ಕಿವಿಗೆ ಹಿಡಿದೇ ಅಕ್ಕ ಬಾಗಿಲು ತೆರೆದಳು. ಅಕ್ಕನ ಮುಖದಲ್ಲಿ ಅಷ್ಟು ಸಂತೋಷವನ್ನು ತಂಗಿ ಎಂದೂ ಕಂಡಿರಲಿಲ್ಲ. ಇವಳ ಮೇಲೆ ಕಣ್ಣು ಬಿದ್ದದ್ದೇ ತಡ, ಅದು ಇಳಿದುಹೋಯಿತು.

ಮಾತಾಡಲೆಂದು ತಂಗಿ ಬಾಯಿ ತೆರೆದಳು, ಬಂದದ್ದು ಅಳು. ಫೋನ್ ಕಿವಿಗೆ ಹಿಡಿದು ಮಗುವಿನ ಹಾಗೆ ಬಿಕ್ಕತೊಡಗಿದಳು. ಅಕ್ಕ ಅವಳ ಹೆಗಲಾಚೆಗೆ ಇಣುಕಿ ಓಣಿಯ ಆ ತುದಿ, ಈ ತುದಿ ಹುಡುಕಿದಳು.

"ಎಲ್ಲಿದ್ದೀಯೇ? ಇಲ್ಲಿ ಯಾರೂ ಇಲ್ಲ, ಇವರೊಬ್ಬರೇ ನಿಂತಿದಾರೆ." ಆಮೇಲೆ ದನಿ ತಗ್ಗಿಸಿ ಫೋನಿಗೆ ಹೇಳಿದಳು: "ಅಳ್ತಿದಾರೆ ಕಣೇ, ಪಾಪ. ನಿನ್ನ ಹತ್ತಿರ ಆಮೇಲೆ ಮಾತಾಡ್ತೀನಿ." ಫೋನ್ ಇಟ್ಟುಬಿಟ್ಟಳು.

ತಂಗಿಯ ಕಿವಿಯಲ್ಲಿ ಸದ್ದು ನಿಂತಿತು. ಅಕ್ಕ ಕೈಹಿಡಿದು ಒಳಗೆ ಕರೆದೊಯ್ದು ಕೂರಿಸಿ, ಅಂಗೈಯಿಂದ ಅವಳ ಕೆನ್ನೆ ಒರೆಸಿದಳು.

"ಯಾರೇನಂದ್ರು? ಯಾಕೆ ಅಳು?"

"ನಮ್ಮಕ್ಕ ಬೇಕು ಅನ್ನಿಸ್ತು."

"ತುಂಬ ದೂರ ಇದಾರಾ?"

ತಂಗಿ ಹೂಂ ಎಂದು ತಲೆಯಾಡಿಸಿದಳು. ಅಕ್ಕ ಆ ತಲೆಯನ್ನು ಎಳೆದು ತನ್ನ ಹೆಗಲಿಗೆ ಒರಗಿಸಿಕೊಂಡು ಬೆನ್ನು ನೇವರಿಸಿದಳು.

"ಅತ್ತುಬಿಡಿ. ನನಗೂ ಒಬ್ಬಳು ತಂಗಿ ಇದಾಳೆ. ಬಂದೆ ಬಂದೆ ಅಂತಾಳೆ, ಬರೋದೇ ಇಲ್ಲ. ಅವಳು ಬರೋ ತನಕ ನೀವಾದ್ರೂ ಎಲ್ಲೂ ಹೋಗಬೇಡಿ."