ಮೊದಲು ನೀರು

ಪೊಕುವಾ ಸ್ನಾನ ಮುಗಿಸಿ ಬರುವಷ್ಟರಲ್ಲಿ ಚಿಕ್ಕಮ್ಮ ಅಚಿಯಾ ತಟ್ಟೆಗೆ ಬಡಿಸಿಟ್ಟುಕೊಂಡು ಕಾಯುತ್ತಿದ್ದಳು. ಬೇಯಿಸಿದ ಗೆಣಸಿನ ದಪ್ಪ ಹೋಳುಗಳು, ತಾಳೆಎಣ್ಣೆಯಲ್ಲಿ ಬಾಡಿಸಿದ ಕೆಸುವಿನ ಸೊಪ್ಪು, ಅದರ ಮೇಲೆ ಮೊಟ್ಟೆ. ಉಳಿದ ದಿನಗಳಲ್ಲಿ ಆ ಮನೆಯ ಬೆಳಗಿನ ತಿಂಡಿಯೆಂದರೆ ಬೀದಿಯ ತಿರುವಿನಲ್ಲಿ ಮಾರುವ ಹುಳಿ ಗಂಜಿ. ಅದನ್ನೂ ಪೊಕುವಾಳೇ ಹೋಗಿ ತರಬೇಕು.

“ಏನ್ ಚಿಕ್ಕಮ್ಮ, ಇವತ್ತೇನು ಈಸ್ಟರ್ ಹಬ್ಬವಾ?”

“ಬಾಯಿ ಇರೋದು ತಿನ್ನೋದಕ್ಕೆ, ತಿನ್ನು. ಖಾಲಿ ಹೊಟ್ಟೇಲಿ ಹೋಗಿ ಪ್ರೊಫೆಸರುಗಳ ಮುಂದೆ ತಲೆ ಸುತ್ತಿ ಬಿದ್ರೆ, ಚಿಕ್ಕಮ್ಮ ಉಪವಾಸ ಹಾಕಿದ್ಲು ಅಂತಾರೆ.”

ಚಿಕ್ಕಮ್ಮ ಎದುರಿಗೇ ಕೂತು ನೋಡುತ್ತಿದ್ದಳು, ಪೊಕುವಾ ಸಂದರ್ಶನದ ಗುಂಗಿನಲ್ಲೇ ತಿಂದಳು. ಸಮಾಜಶಾಸ್ತ್ರದ ಸಂಶೋಧನಾ ಪದವಿಗೆ ಅವಳು ಅರ್ಜಿ ಹಾಕಿದ್ದು ಇದು ಎರಡನೆಯ ಸಲ. ಹೋದ ವರ್ಷ ಅವಳ ಪ್ರಸ್ತಾವನೆಯನ್ನು ಓದಿದವರೊಬ್ಬರು, ಇದು ಸಂಶೋಧನೆಯಲ್ಲ, ಅಡುಗೂಲಜ್ಜಿ ಕಥೆ ಎಂದು ನಕ್ಕು ಪಕ್ಕಕ್ಕಿಟ್ಟಿದ್ದರು. ಈ ವರ್ಷ ಅದನ್ನೇ ತಿದ್ದಿ ಬರೆದಾಗ ಪ್ರೊಫೆಸರ್ ಅಡೊಮಾಕೊ ಎಂಬ ಹಿರಿಯ ಅಧ್ಯಾಪಕಿ ಮಾರ್ಗದರ್ಶನಕ್ಕೆ ಒಪ್ಪಿಕೊಂಡಿದ್ದರು. ಅವರ ನಿವೃತ್ತಿ ಹತ್ತಿರವಾಗಿತ್ತು. ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದು ಇದೇ ಕೊನೆ ಎಂದು ಹೇಳಿಬಿಟ್ಟಿದ್ದರು. ಇವತ್ತಿನ ಸಂದರ್ಶನ ಕೈತಪ್ಪಿದರೆ ಈ ವಿಷಯವನ್ನು ಕೈಗೆತ್ತಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ.

ವಿಷಯವನ್ನು ಪೊಕುವಾಳಿಗೆ ಕೊಟ್ಟದ್ದು ಅಜ್ಜಿ ನಾನಾ ದುಫಿ, ಚಿಕ್ಕಮ್ಮನ ತಾಯಿ. ಮಾಂಪಾಂಗ್ ಊರಿನಲ್ಲಿ ಅವಳು ಕುಲದ ಹಿರಿಯ ಹೆಂಗಸು. ಯಾರ ಮನೆಯಲ್ಲಿ ಸಾವಾದರೂ ಸುದ್ದಿ ಮುಟ್ಟಿಸುವುದಕ್ಕೆ ಅವಳನ್ನೇ ಕಳಿಸುತ್ತಿದ್ದರು. ತಾಯಿಯಿಲ್ಲದ ಪೊಕುವಾ ಅಜ್ಜಿಯ ಸೆರಗು ಹಿಡಿದುಕೊಂಡು ಹಿಂದೆಯೇ ಹೋಗುತ್ತಿದ್ದಳು. ನಿಂತವರಿಗೆ ಸಾವಿನ ಸುದ್ದಿ ಹೇಳಬಾರದು. ಒಂಟಿಯಾಗಿ ಕೂತವರಿಗೆ ಹೇಳಬಾರದು. ಜೊತೆಯಲ್ಲಿ ಕೂತು, ಮೊದಲು ನೀರು ಕುಡಿಸಬೇಕು. ಮೊದಲು ಕುಲದ ಯಜಮಾನನಿಗೆ ತಿಳಿಸಬೇಕು, ಆಮೇಲೆ ದೂರದವರಿಗೆ. ಯಾರು ಹೆಚ್ಚು ಮುರಿದುಬೀಳುತ್ತಾರೋ ಅವರಿಗೆ ಕೊನೆಗೆ, ಹಿಡಿದುಕೊಳ್ಳುವ ಕೈಗಳೆಲ್ಲ ಬಂದು ಸೇರಿದ ಮೇಲೆ. ಈ ಸರದಿಯನ್ನು ಕುರಿತೇ ಪೊಕುವಾ ಪ್ರಸ್ತಾವನೆ ಬರೆದಿದ್ದಳು: ತಮ್ಮ ಅಶಾಂಟಿ ಜನಾಂಗದ ಕುಟುಂಬಗಳಲ್ಲಿ ಸಾವಿನ ಸುದ್ದಿ ಯಾರಿಂದ ಯಾರಿಗೆ, ಯಾವ ಕ್ರಮದಲ್ಲಿ ಸಾಗುತ್ತದೆ, ಈ ಫೋನುಗಳ ಕಾಲದಲ್ಲಿ ಆ ಕ್ರಮಕ್ಕೆ ಏನಾಗಿದೆ.

ಅಜ್ಜಿ ಹಾಸಿಗೆ ಹಿಡಿದು ಕೆಲವು ವಾರಗಳಾಗಿದ್ದವು. ಊರಿಗೆ ಬರುತ್ತೇನೆಂದರೆ ಫೋನಿನಲ್ಲೇ ಗದರಿದ್ದಳು. “ನಿನ್ನ ಮೇಷ್ಟ್ರುಗಳ ಹತ್ರ ಮಾತು ಮುಗಿಸ್ಕೊಂಡು ಬಾ. ನಾನೇನು ಓಡಿಹೋಗ್ತೀನಾ?” ಸಂದರ್ಶನ ಮುಗಿದ ಕೂಡಲೇ ಮಧ್ಯಾಹ್ನದ ಬಸ್ಸು ಹಿಡಿಯುವುದೆಂದು ಪೊಕುವಾ ಲೆಕ್ಕ ಹಾಕಿಕೊಂಡಿದ್ದಳು. ಸೀಟು ಸಿಕ್ಕಿತು ಎಂದು ಅಜ್ಜಿಯ ಕಿವಿಯಲ್ಲಿ ಹೇಳಬೇಕೆಂಬುದೇ ಅವಳ ಆಸೆ.

ನಿನ್ನೆ ಸಂಜೆ ಫೋನು ಮಾಡಿದಾಗ ಎತ್ತಿಕೊಂಡದ್ದು ವೊಫಾ ಆಂಟ್ವಿ, ಅವಳ ಸೋದರಮಾವ.

“ಅಜ್ಜಿ ಮಲಗಿದಾಳೆ ಕಣಮ್ಮ. ಎಬ್ಬಿಸೋದು ಬೇಡ. ನೀನು ನಾಳೆ ಚೆನ್ನಾಗಿ ಮಾತಾಡು.”

“ಊಟ ಮಾಡಿದ್ಲಾ ವೊಫಾ?”

“ಎಲ್ಲ ಆಯ್ತು. ನೀನು ಊಟ ಮಾಡಿದ್ಯಾ?”

ವೊಫಾ ಅವಳ ಊಟ ವಿಚಾರಿಸಿದ್ದು ಅದೇ ಮೊದಲು. ಇಲ್ಲವಾದರೆ ಫೋನೆತ್ತಿದ ಕೂಡಲೇ, ಪುಸ್ತಕಾನೇ ಮದುವೆ ಆಗ್ತೀಯೋ ಏನೋ, ಮದುಮಗನ ಹೆಸರಾದ್ರೂ ಹೇಳು ಎಂದು ಕಾಲೆಳೆಯುವ ಮನುಷ್ಯ. ಸಂದರ್ಶನ ಎಂದು ಅವನಿಗೂ ಕರುಣೆ ಬಂದಿರಬೇಕು ಎಂದುಕೊಂಡಿದ್ದಳು ಪೊಕುವಾ.

“ನಿನ್ನ ಫೋನು ಕೊಡಿಲ್ಲಿ,” ಎಂದಳು ಚಿಕ್ಕಮ್ಮ, ತಟ್ಟೆ ಖಾಲಿಯಾದ ಮೇಲೆ. “ನಂದ್ರಲ್ಲಿ ಕರೆನ್ಸಿ ಇಲ್ಲ. ಗಿರಾಕಿಗಳಿಗೆ ಹೇಳ್ಬೇಕು, ಇವತ್ತು ಅಂಗಡಿ ತೆಗೆಯಲ್ಲ ಅಂತ.”

“ಅಂಗಡಿ ಯಾಕೆ ತೆಗೆಯಲ್ಲ?”

“ನಿನ್ನ ಜೊತೆ ಬರ್ತೀನಲ್ಲ.”

“ನಾನೇನು ಮೊದಲ್ನೇ ಸಲ ಸ್ಕೂಲಿಗೆ ಹೋಗೋ ಮಗುನಾ?”

“ಹೌದು ಅಂದ್ಕೋ.”

ಚಿಕ್ಕಮ್ಮನದು ಹೊಲಿಗೆ ಅಂಗಡಿ. ಮೈಮೇಲಿನ ಬಟ್ಟೆಯೇ ಅವಳ ಅಂಗಡಿಯ ಬೋರ್ಡು. ಹಳದಿ, ನೀಲಿ, ಗಿಣಿಹಸಿರು ಇಲ್ಲದೆ ಹೊಸಿಲು ದಾಟುತ್ತಿರಲಿಲ್ಲ. ಇವತ್ತು ಕಂದುಬಣ್ಣದ ಹಳೆಯ ಬಟ್ಟೆಯೊಂದನ್ನು ಸುತ್ತಿಕೊಂಡು ಹೊರಟಳು. ದೊಡ್ಡವರ ಜಾಗಕ್ಕೆ ಹೋಗುತ್ತಿದ್ದೇವೆಂದು ಗಂಭೀರವಾಗಿ ಬಂದಿದ್ದಾಳೆ ಎಂದು ಪೊಕುವಾಳಿಗೆ ನಗು ಬಂತು, ಸ್ವಲ್ಪ ಪ್ರೀತಿಯೂ ಬಂತು.

ಟ್ರೊಟ್ರೊ ವ್ಯಾನು ಕಿಕ್ಕಿರಿದಿತ್ತು. ಬಾಗಿಲಿಗೆ ನೇತುಬಿದ್ದ ಕಂಡಕ್ಟರ್ ಚಿಕ್ಕಮ್ಮನಿಗೆ, “ಅಮ್ಮಾ, ಒಳಗೆ ಸರೀರಿ, ಇದೇನು ನಿಮ್ಮ ಮನೆ ಸೋಫಾನಾ?” ಎಂದ. ಪೊಕುವಾ ಕಾದಳು. ಇಂಥ ಮಾತಿಗೆ ಚಿಕ್ಕಮ್ಮ ಕೊಡುವ ಉತ್ತರಕ್ಕೆ ಇಡೀ ವ್ಯಾನು ನಗುವುದು ರೂಢಿ. ಇವತ್ತು ಚಿಕ್ಕಮ್ಮ ಒಳಗೆ ಸರಿದು ಜಾಗ ಬಿಟ್ಟುಕೊಟ್ಟಳು. ಕಿಟಕಿಯ ಕಡೆ ಮುಖ ಮಾಡಿ, ಪೊಕುವಾಳ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ಸಮಾಜಶಾಸ್ತ್ರ ವಿಭಾಗದ ಜಗಲಿಯಲ್ಲಿ ಬೇರೆ ಅಭ್ಯರ್ಥಿಗಳು ಆಗಲೇ ಕೂತಿದ್ದರು. ಪೊಕುವಾಳ ಸರದಿ ಎಲ್ಲರಿಗಿಂತ ಕೊನೆಗಿತ್ತು. ಅವಳು ಮುಖ ತೊಳೆದುಕೊಂಡು ಬರುವಾಗ, ಚಿಕ್ಕಮ್ಮ ಕಚೇರಿಯ ಗುಮಾಸ್ತೆಯ ಮೇಜಿನ ಮೇಲೆ ಬಾಗಿ ಏನೋ ಪಿಸುಗುಡುತ್ತಿದ್ದುದು ಕಾಣಿಸಿತು. ಗುಮಾಸ್ತೆ ಎದ್ದು ಒಳಗೆ ಹೋದಳು.

“ಏನು ಹೇಳ್ತಿದ್ರಿ ಅವರಿಗೆ?” ನಾಚಿಕೆಯಿಂದ ಪೊಕುವಾಳ ಕಿವಿ ಬಿಸಿಯಾಗಿತ್ತು. “ಶಿಫಾರಸು ಮಾಡಕ್ಕೆ ಹೋಗಿದ್ರಾ? ಇದೇನು ಸಂತೆನಾ ಚಿಕ್ಕಮ್ಮ, ಚೌಕಾಸಿ ಮಾಡೋದಕ್ಕೆ?”

“ಶೌಚಾಲಯ ಎಲ್ಲಿ ಅಂತ ಕೇಳ್ದೆ ಕಣೇ. ಅದಕ್ಕೂ ಡಿಗ್ರಿ ಬೇಕಾ?”

ಗುಮಾಸ್ತೆ ಹೊರಗೆ ಬಂದು ಮೊದಲು ಕರೆದ ಹೆಸರು ಪೊಕುವಾಳದೇ ಆಗಿತ್ತು.

ಒಳಗೆ ಮೂವರಿದ್ದರು. ನಡುವೆ ಪ್ರೊಫೆಸರ್ ಅಡೊಮಾಕೊ, ಬೆಳ್ಳಗಾದ ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡಿದ್ದ ಅಶಾಂಟಿ ಹೆಂಗಸು. ಅವರ ಬಲಗಡೆ ಮಾತೇ ಆಡದ ಒಬ್ಬ ಮುದುಕ ಪ್ರಾಧ್ಯಾಪಕರು. ಅವಳು ಕೂತ ಮೇಲೆ ಬಾಗಿಲು ತಳ್ಳಿಕೊಂಡು, ತಡವಾಯಿತೆಂದು ಕ್ಷಮೆ ಕೇಳುತ್ತಾ ಬಂದವರು ದೇಶದ ಉತ್ತರ ಸೀಮೆಯ ಡಾಕ್ಟರ್ ಅಬುಗ್ರೆ.

ಪ್ರೊಫೆಸರ್ ಅಡೊಮಾಕೊ ಮೆತ್ತಗೆ, ಅತಿ ಮೆತ್ತಗೆ, ಒಂದೆರಡು ಪ್ರಶ್ನೆ ಕೇಳಿದರು. ಎಷ್ಟು ಮನೆಗಳಿಗೆ ಹೋಗುತ್ತೀ, ಶೋಕದಲ್ಲಿರುವವರ ಒಪ್ಪಿಗೆ ಹೇಗೆ ಪಡೆಯುತ್ತೀ. ಪೊಕುವಾ ಸಿದ್ಧ ಮಾಡಿಕೊಂಡದ್ದನ್ನು ಹೇಳಿದಳು. “ಸಾಕು, ನನಗೆ ತೃಪ್ತಿಯಾಯಿತು,” ಎಂದು ಅವರು ಕಡತ ಮುಚ್ಚುವುದರಲ್ಲಿದ್ದರು.

“ನನ್ನದೊಂದು ಪ್ರಶ್ನೆ ಇದೆ,” ಎಂದರು ಡಾಕ್ಟರ್ ಅಬುಗ್ರೆ.

“ಅಬುಗ್ರೆ, ಬೇಡ ಬಿಡಿ. ಹೊರಗೆ ತುಂಬಾ ಜನ ಕಾಯ್ತಿದ್ದಾರೆ.”

“ಮೇಡಂ, ಇದು ಮುಖ್ಯ. ಹೋದ ವರ್ಷ ಇವರನ್ನು ವಾಪಸ್ ಕಳಿಸಿದ್ದೇ ಈ ವಿಚಾರಕ್ಕೆ.” ಅವರು ಪೊಕುವಾಳ ಕಡೆ ತಿರುಗಿದರು. “ಸುದ್ದಿ ಮುಚ್ಚಿಡೋರ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ಯಾರಿಂದ ಮುಚ್ಚಿಡ್ತಾರೋ ಅವರ ಬಗ್ಗೆ ಒಂದು ಪುಟಾನೂ ಇಲ್ಲ. ಅವರೇನು ದಡ್ಡರಾ? ಅವರಿಗೆ ಗೊತ್ತಾಗಲ್ವಾ?”

ಪೊಕುವಾಳ ಮೈಯಲ್ಲಿ ಜೀವ ಬಂತು. ಇದು ಅವಳ ಪ್ರಶ್ನೆ. ಇದಕ್ಕೆ ಉತ್ತರ ಅಜ್ಜಿಯ ಹಿಂದೆ ನಡೆದ ದಾರಿಗಳಲ್ಲೆಲ್ಲ ಅವಳಿಗೆ ಸಿಕ್ಕಿತ್ತು.

“ಗೊತ್ತಾಗುತ್ತೆ ಸರ್. ಮಾತಿನಿಂದ ಅಲ್ಲ, ಮಾತು ಬದಲಾಗೋದರಿಂದ. ದಿನಾ ಜಗಳ ಆಡೋರು ಜಗಳ ಆಡಲ್ಲ. ಕಾಲೆಳೆಯೋರು ಕಾಲೆಳೆಯೋದು ಬಿಟ್ಟು ಊಟ ಆಯ್ತಾ ಅಂತಾರೆ. ಹೊಟ್ಟೆ ತುಂಬ ತಿನ್ನಿಸ್ತಾರೆ, ಯಾಕಂದ್ರೆ ಸುದ್ದಿ ತಿಳಿದ ಮೇಲೆ ಅವರು ಊಟ ಮುಟ್ಟಲ್ಲ ಅಂತ ಇವರಿಗೆ ಗೊತ್ತು. ತಿನ್ನೋವಾಗ ಎದುರಿಗೇ ಕೂತು ನೋಡ್ತಿರ್ತಾರೆ...”

ಕೆಸುವಿನ ಸೊಪ್ಪಿನ ರುಚಿ ಇನ್ನೂ ನಾಲಗೆಯ ಮೇಲಿತ್ತು.

“ಹೇಳಿ,” ಎಂದರು ಡಾಕ್ಟರ್ ಅಬುಗ್ರೆ, ಬರೆದುಕೊಳ್ಳುತ್ತಾ.

“ಒಬ್ಬರನ್ನೇ ಎಲ್ಲೂ ಬಿಡಲ್ಲ. ಕೆಲಸ ಬಿಟ್ಟು ಜೊತೆಗೆ ಬರ್ತಾರೆ.” ಅವಳ ಮಾತು ನಿಧಾನವಾಯಿತು. “ಈಗಿನ ಕಾಲದಲ್ಲಿ... ಫೋನು ಇಸ್ಕೊಳ್ತಾರೆ. ಏನೋ ಒಂದು ನೆಪ ಹೇಳಿ. ಬಣ್ಣದ ಬಟ್ಟೆ ಹಾಕೋದಕ್ಕೆ ಅವರಿಗೆ ಮನಸ್ಸು ಬರಲ್ಲ, ಸಾವಿನ ಕಪ್ಪು ಹಾಕಿದ್ರೆ ಗೊತ್ತಾಗಿಬಿಡುತ್ತೆ. ಹಾಗಾಗಿ ಎರಡೂ ಅಲ್ಲದ್ದು ಹಾಕ್ತಾರೆ.”

ಅವಳು ಪ್ರೊಫೆಸರ್ ಅಡೊಮಾಕೊ ಅವರ ಮುಖ ನೋಡಿದಳು. ಅವರು ಅವಳನ್ನು ನೋಡುತ್ತಿರಲಿಲ್ಲ. ಮುಚ್ಚಿದ ಕಡತದ ಮೇಲೆ ಎರಡೂ ಕೈ ಇಟ್ಟು, ಆ ಕೈಗಳನ್ನೇ ನೋಡುತ್ತಿದ್ದರು. ಗುಮಾಸ್ತೆಗೆ ಗೊತ್ತು. ಇವರಿಗೂ ಗೊತ್ತು. ಮಾತಾಡದ ಮುದುಕರಿಗೂ ಗೊತ್ತು. ಸುದ್ದಿ ದೂರದವರನ್ನೆಲ್ಲ ಮುಟ್ಟಿ, ಸರದಿ ಅವಳ ಹತ್ತಿರ ಬಂದು ನಿಂತಿತ್ತು. ತಡವಾಗಿ ಬಂದ ಅಬುಗ್ರೆಗೆ ಮಾತ್ರ ಯಾರೂ ಹೇಳಿರಲಿಲ್ಲ.

ಮಲಗಿದಾಳೆ ಕಣಮ್ಮ, ಎಬ್ಬಿಸೋದು ಬೇಡ.

ಎದ್ದು ಓಡಬೇಕೆನ್ನಿಸಿತು. ಆದರೆ ಮಾತು ಮುಗಿಸಿಕೊಂಡು ಬಾ ಎಂದಿದ್ದಳಲ್ಲ ಅಜ್ಜಿ. ಮುಗಿಸುವವರೆಗೆ ಹೇಳಬೇಡಿ ಎಂದು ಮನೆಯವರಿಗೆ ಅವಳೇ ಅಪ್ಪಣೆ ಮಾಡಿರಬೇಕು. ಮೊದಲು ತಿನ್ನಿಸಿ ಎಂದೂ ಅಂದಿರಬೇಕು. ತನ್ನ ಸಾವಿನ ಸುದ್ದಿಯನ್ನೂ ತಾನೇ ಹೊತ್ತು ಹೊರಟಿದ್ದಳು ಮುದುಕಿ. ಪೊಕುವಾ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

“ಒಳ್ಳೆಯದು,” ಎಂದರು ಅಬುಗ್ರೆ, ತಲೆಯೆತ್ತದೆ. “ಹಾಗೆ ಗೊತ್ತಾದ ಮೇಲೆ ಅವರೇನು ಮಾಡ್ತಾರೆ?”

“ಗೊತ್ತಿಲ್ಲದ ಹಾಗೆ ಇರ್ತಾರೆ ಸರ್. ಹೇಳಬೇಕಾದವರು ಬಂದು ಹೇಳೋವರೆಗೆ.”

“ಯಾಕೆ? ಭಯಕ್ಕಾ?”

“ಅಲ್ಲ ಸರ್.” ಅವಳ ದನಿ ತೆಳುವಾಗಿತ್ತು, ಒಡೆದಿರಲಿಲ್ಲ. “ಅಷ್ಟು ಹೊತ್ತು ಸುದ್ದೀನ ಒಬ್ಬರೇ ಹೊತ್ಕೊಂಡಿರ್ತಾರಲ್ಲ, ಅವರ ಕೆಲಸವನ್ನ ಕಿತ್ಕೋಬಾರದು ಅಂತ.”

ಅಬುಗ್ರೆ ಈಗ ತಲೆಯೆತ್ತಿದರು. ಅವಳ ಮುಖ ನೋಡಿದರು, ಪಕ್ಕದವರ ಮುಖ ನೋಡಿದರು, ಪೆನ್ನನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

“ಹೋದ ವರ್ಷ ಅಡುಗೂಲಜ್ಜಿ ಕಥೆ ಅಂದೋನು ನಾನೇ,” ಎಂದರು.

ಪ್ರೊಫೆಸರ್ ಅಡೊಮಾಕೊ ಎದ್ದು ಬಾಗಿಲವರೆಗೆ ಬಂದರು. “ಆ ಪುಟಗಳನ್ನ ನನ್ನ ಜೊತೆ ಕೂತು ಬರಿ. ಅವಸರ ಇಲ್ಲ. ಊರಿಂದ ವಾಪಸ್ ಬಂದ ಮೇಲೆ ನನ್ನ ನೋಡು.”

ಊರಿಗೆ ಹೋಗುತ್ತೇನೆಂದು ಪೊಕುವಾ ಅವರಿಗೆ ಹೇಳಿಯೇ ಇರಲಿಲ್ಲ. ಅದು ಅವರಿಗೂ ಹೊಳೆಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. “ಆಗಲಿ ಮೇಡಂ,” ಎಂದಳು. ಸೀಟು ಸಿಕ್ಕಿತ್ತು. ಆ ಮಾತನ್ನು ಹೇಳಬೇಕೆಂದುಕೊಂಡಿದ್ದ ಕಿವಿ ಇರಲಿಲ್ಲ.

ಹೊರಗೆ ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಚಿಕ್ಕಮ್ಮ ಕೂತಿದ್ದಳು. ಪಕ್ಕದಲ್ಲಿ ಪೊಕುವಾಳ ಊರಿನ ಬ್ಯಾಗು. ಮಧ್ಯಾಹ್ನದ ಬಸ್ಸಿಗೆಂದು ಪೊಕುವಾ ತುಂಬಿಟ್ಟಿದ್ದ ಅದನ್ನು ಮನೆಯಿಂದ ಇಲ್ಲಿಯವರೆಗೂ ಅವಳೇ ಹೊತ್ತುಕೊಂಡು ಬಂದಿದ್ದಳು. ಕೈಯಲ್ಲಿ ಒಂದು ನೀರಿನ ಪೊಟ್ಟಣ. ಬಿಸಿಲಿಗೆ ಅವಳು ಒಮ್ಮೆಗೇ ಮುದುಕಿಯ ಹಾಗೆ ಕಂಡಳು. ಪೊಕುವಾ ಸ್ವಲ್ಪ ದೂರದಲ್ಲೇ ನಿಂತಳು. ನಿನ್ನೆಯಿಂದ ಈ ಹೆಂಗಸಿಗೆ ತಾಯಿಯಿಲ್ಲ. ತಾಯಿಯಿಲ್ಲದೆ ಗೆಣಸು ಬೇಯಿಸಿದಳು, ಜೋಕು ಮಾಡಿದಳು, ಶೌಚಾಲಯಕ್ಕೂ ಡಿಗ್ರಿ ಬೇಕಾ ಎಂದಳು. ಅವಳನ್ನು ಹಿಡಿದುಕೊಂಡು ಕೂರಲು ರಾತ್ರಿಯೆಲ್ಲ ಯಾರೂ ಇರಲಿಲ್ಲ. ಗೋಡೆಯ ಆಚೆ ಪೊಕುವಾ ಕೂತು ನಾಳೆಯ ಉತ್ತರಗಳನ್ನು ಗಟ್ಟಿ ಮಾಡುತ್ತಿದ್ದಳು.

“ಆಯ್ತಾ?” ಎಂದಳು ಚಿಕ್ಕಮ್ಮ.

“ಆಯ್ತು.”

“ಚೆನ್ನಾಗಿ ಮಾತಾಡಿದ್ಯಾ?”

“ಎಲ್ಲದಕ್ಕೂ ಉತ್ತರ ಹೇಳ್ದೆ. ತಗೊಂಡ್ರು ಚಿಕ್ಕಮ್ಮ.”

ಚಿಕ್ಕಮ್ಮ ತಲೆಯಾಡಿಸಿದಳು. ಬ್ಯಾಗನ್ನು ಪಕ್ಕಕ್ಕೆ ಸರಿಸಿದಳು. “ಕೂತ್ಕೋ. ನಿಂತ್ಕೋಬೇಡ.”

ಪೊಕುವಾ ಕೂತಳು. ಚಿಕ್ಕಮ್ಮ ಪೊಟ್ಟಣದ ಮೂಲೆಯನ್ನು ಹಲ್ಲಿನಿಂದ ಹರಿದು ಅವಳ ಕೈಗಿಟ್ಟಳು. ನೀರು ಬೆಚ್ಚಗಾಗಿತ್ತು, ಬಹಳ ಹೊತ್ತಿನಿಂದ ಕೈಯಲ್ಲಿ ಹಿಡಿದುಕೊಂಡಿದ್ದಳು. ಪೊಕುವಾ ಒಂದು ಹನಿಯೂ ಬಿಡದೆ ಕುಡಿದಳು. ಆಮೇಲೆ ಖಾಲಿ ಪೊಟ್ಟಣವನ್ನು ಮಡಿಚಿ ಮಡಿಲಲ್ಲಿಟ್ಟುಕೊಂಡು, ದೂರದಿಂದ ಬಂದ ನೆಂಟರನ್ನು ಜಗಲಿಯಲ್ಲಿ ಕೂರಿಸಿ, ನೀರು ಕೊಟ್ಟ ಮೇಲೆ ಅಜ್ಜಿ ಕೇಳುತ್ತಿದ್ದ ದನಿಯಲ್ಲೇ, ಚಿಕ್ಕಮ್ಮನ ಕಣ್ಣು ನೋಡುತ್ತಾ ಹೇಳಿದಳು:

“ಇಲ್ಲಿ ಎಲ್ಲ ಕ್ಷೇಮ. ದಾರಿ ನಡೆದು ಬಂದವರು ನೀವು. ಏನು ಸುದ್ದಿ ತಂದಿದ್ದೀರಿ, ಹೇಳಿ.”

ಚಿಕ್ಕಮ್ಮ ಅವಳನ್ನೇ ನೋಡಿದಳು. ಇವಳಿಗೆ ತಿಳಿದಿದೆ ಎಂಬುದು ಅವಳಿಗೂ ತಿಳಿದಿರಬೇಕು. ಹೆಗಲ ಮೇಲಿನ ಕಂದು ಬಟ್ಟೆಯನ್ನು ಸರಿಮಾಡಿಕೊಂಡು, ಎರಡೂ ಕೈಗಳಿಂದ ಪೊಕುವಾಳ ಕೈಗಳನ್ನು ಹಿಡಿದು, ಹೇಳಲು ಬಾಯಿ ತೆರೆದಳು.