ತಿಂಗಳ ಪ್ರಸಾದ

"ಇದೂ ವಾಪಸ್ಸು ಮೇಷ್ಟ್ರೇ," ಎಂದು ಪೋಸ್ಟ್‌ಮನ್ ಬೈರಣ್ಣ ಸೈಕಲ್ಲಿನಿಂದ ಒಂದು ಕಾಲು ಮಾತ್ರ ಕೆಳಗಿಟ್ಟು ಮನಿಯಾರ್ಡರ್ ಫಾರಮ್ಮನ್ನು ಚಾಚಿದ. "ಸೀತಾಲಕ್ಷ್ಮಮ್ಮನೋರ್ದು. ಬಾಗಿಲು ಪೂರ್ತಿ ತೆಗೀಲೂ ಇಲ್ಲ."

ಅಲ್ಲಿಗೆ ಏಳು ಮನೆಗೆ ಕಳಿಸಿದ್ದ ಏಳೂ ವಾಪಸ್ಸು ಬಂದಂತಾಯಿತು. ಅನಂತರಾಮು ಮೇಷ್ಟರು ರುಜು ಹಾಕಿ ಹದಿನೈದು ರೂಪಾಯಿ ತೆಗೆದುಕೊಂಡರು. ಏಳನೆಯದೂ ಹಿಂದಿರುಗಿದರೆ ಶನಿವಾರದ ಸಭೆಯಲ್ಲಿ ಈ ಯೋಜನೆಯನ್ನೇ ನಿಲ್ಲಿಸಿಬಿಡೋಣ ಎಂದು ರಾಮಮಂದಿರದ ಅಧ್ಯಕ್ಷ ರಾಮಪ್ರಸಾದರು ಹೇಳಿಯಾಗಿತ್ತು. ಅವತ್ತು ಶನಿವಾರವೇ.

ಮೇಷ್ಟರು ಮೂವತ್ತು ವರ್ಷ ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳಿದವರು. ಹೆಂಡತಿ ತೀರಿಕೊಂಡ ಮೇಲೆ ಜಯನಗರ ಮೂರನೇ ಬ್ಲಾಕಿನ ಒಂದು ಔಟ್‌ಹೌಸಿನಲ್ಲಿ ಒಬ್ಬರೇ ಇದ್ದರು. ದಿನಕ್ಕೆ ನಾಲ್ಕು ಮಾತು ಆಡಬೇಕೆಂದರೆ ಹಾಲಿನವನು ಬರಬೇಕು, ಇಲ್ಲವೇ ಶನಿವಾರದ ಭಜನೆ ಬರಬೇಕು. ಅಂಥವರ ತಲೆಯಲ್ಲಿ ಒಂದು ಹುಳು ಹೊಕ್ಕರೆ ಸುಲಭವಾಗಿ ಹೊರಗೆ ಹೋಗುವುದಿಲ್ಲ. ಅವರು ಓದಿದ್ದು ವಾರಾನ್ನದಲ್ಲಿ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಪ್ರತಿ ಮನೆಯ ಬಾಗಿಲಲ್ಲೂ ನಿಂತು, ಒಳಗಿನಿಂದ ಯಾರಾದರೂ ನೋಡಲಿ ಎಂದು ಕಾದ ಆ ಹೊತ್ತು ಐವತ್ತು ವರ್ಷವಾದರೂ ಅವರನ್ನು ಬಿಟ್ಟಿರಲಿಲ್ಲ.

"ಪ್ರಸಾದ ಕೊಡುವಾಗ ನೀನು ಯೋಗ್ಯನೋ ಅಲ್ವೋ ಅಂತ ಕೇಳ್ತೀವಾ ಸಾರ್? ಕೈ ಚಾಚಿದೋರಿಗೆಲ್ಲ ಕೊಡ್ತೀವಿ. ಬದುಕೋದಕ್ಕೆ ಬೇಕಾದ ದುಡ್ಡೂ ಹಾಗೇ ಬರಬೇಕು. ತಿಂಗಳಾ ತಿಂಗಳಾ, ಪ್ರತಿ ಮನೆಗೂ. ಸರ್ಕಾರ ಕೊಡಬೇಕು. ಅದು ಕೊಡೋವರೆಗೆ ದೇವರ ಮನೆ ಕೊಟ್ಟು ತೋರಿಸಬೇಕು," ಎಂದು ಅವರು ಎರಡು ವರ್ಷ ಕಂಡವರ ಕಿವಿ ಕೊರೆದರು. ಭಜನೆಯವರು ನಕ್ಕರು. ತಿಂಗಳ ಪ್ರಸಾದದ ಮೇಷ್ಟ್ರು ಎಂಬ ಹೆಸರೂ ಬಿತ್ತು. ಕೊನೆಗೆ ರಾಮಪ್ರಸಾದರೇ ಒಪ್ಪಿದರು. ಅವರು ರಿಟೈರ್ಡ್ ಇಂಜಿನಿಯರು, ಕೆಟ್ಟ ಮನುಷ್ಯರಲ್ಲ. ಆದರೆ ಸೇತುವೆ ಕಟ್ಟಿದವರಾದ್ದರಿಂದ ಭಾರ ಹಾಕಿ ನೋಡದೆ ಏನನ್ನೂ ನಂಬುತ್ತಿರಲಿಲ್ಲ. ಏಳು ಮನೆಗೆ ಒಂದು ವರ್ಷ ಕೊಟ್ಟು ನೋಡುವುದು, ಸರಿಹೋದರೆ ಮನವಿ ಹಿಡಿದು ಮಂತ್ರಿಗಳ ಬಳಿಗೆ ಹೋಗುವುದು ಎಂದಾಯಿತು. ಏಳು ಮನೆ ಯಾವುವೆಂದು ಮೇಷ್ಟರೊಬ್ಬರಿಗೇ ಗೊತ್ತು. ಯಾರೂ ಯಾರ ಬಾಗಿಲಲ್ಲೂ ನಿಲ್ಲಬಾರದೆಂದೇ ಮನಿಯಾರ್ಡರು.

ಮಾರ್ಚಿ ತಿಂಗಳಲ್ಲಿ ಏಳೂ ಮನೆಯವರು ತೆಗೆದುಕೊಂಡರು. ಆಮೇಲೆ ರಾಮನವಮಿ ಬಂತು. ದುಡ್ಡು ಕೊಟ್ಟವರ ಹೆಸರಿನಲ್ಲೆಲ್ಲ ಅರ್ಚನೆ ಆಗುತ್ತದೆ, ತೆಗೆದುಕೊಂಡವರ ಹೆಸರಿನಲ್ಲೂ ಆಗಲಿ, ರಾಮನ ಮುಂದೆ ಎಲ್ಲರೂ ಒಂದೇ ಅಲ್ಲವೇ ಎಂದು ಮೇಷ್ಟರಿಗೆ ಅನ್ನಿಸಿತು. ಏಳು ಹೆಸರು, ಗೋತ್ರ, ನಕ್ಷತ್ರ ಬರೆದು ಚೀಟಿಯನ್ನು ಅರ್ಚಕರ ಕೈಗೆ ಕೊಟ್ಟರು. ಮೂವತ್ತು ವರ್ಷದ ಅಭ್ಯಾಸ ನೋಡಿ, ತಲೆಬರಹವಿಲ್ಲದೆ ಕಾಗದ ಬರೆಯುವುದು ಅವರಿಂದಾಗದು. ಮೇಲುಗಡೆ 'ತಿಂಗಳ ಪ್ರಸಾದ ಪಡೆಯುವ ಬಡ ಕುಟುಂಬಗಳು' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಅರ್ಚಕರ ಮುಂದೆ ಆ ವರ್ಷ ಹೊಸದಾಗಿ ಮೈಕು ಬಂದಿತ್ತು. ಅವರು ತಲೆಬರಹದಿಂದಲೇ ಶುರುಮಾಡಿ ಕಂಚಿನ ಕಂಠದಲ್ಲಿ ಓದಿದರು. ಪಾನಕ ಕುಡಿಯುತ್ತಿದ್ದ ಬೀದಿಯೆಲ್ಲ ಕೇಳಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಈಗ ಏಳನೆಯದೂ ವಾಪಸ್ಸಾದ ಮೇಲೆ ಮೇಷ್ಟರು ಅಂಗಿ ಹಾಕಿಕೊಂಡು ಸೀತಾಲಕ್ಷ್ಮಮ್ಮನ ಮನೆಗೆ ಹೊರಟರು. ಗಂಡ ಟೈಪಿಸ್ಟಾಗಿದ್ದವರು ಸತ್ತು ನಾಲ್ಕು ವರ್ಷ; ಆಕೆ ಹಪ್ಪಳ ಒತ್ತಿ ಮಗಳು ಜಯಶೀಲಾಳನ್ನು ಎಸ್ಸೆಸ್ಸೆಲ್ಸಿ ಓದಿಸಿದ್ದರು. ಮೇಷ್ಟರನ್ನು ಕಂಡು ಬೇಡವೆನ್ನಲಾರದೆ ಬಾಗಿಲು ತೆಗೆದು ಚಾಪೆ ಹಾಸಿದರು.

"ತಪ್ಪು ನಂದು ತಾಯಿ. ರಾಮನಿಗೆ ಗೊತ್ತಾಗಲಿ ಅಂತ ಬರೆದೆ."

"ರಾಮನಿಗೆ ಮೊದ್ಲೇ ಗೊತ್ತಿತ್ತು ಮೇಷ್ಟ್ರೇ. ಬೀದಿಗೆ ಗೊತ್ತಿರಲಿಲ್ಲ." ಆಕೆಯ ದನಿ ಏರಲಿಲ್ಲ. "ವಿಲ್ಸನ್ ಗಾರ್ಡನ್ನಿನ ಗಂಡಿನ ಕಡೆಯೋರು ಅವತ್ತು ಪಾನಕಕ್ಕೆ ಬಂದಿದ್ರು. ಜಯಶೀಲಾನ ಇನ್ನೊಂದ್ಸಲ ನೋಡೋಣ ಅಂತ. ಗುರುವಾರ ಜಾತಕ ವಾಪಸ್ ಕಳಿಸಿದಾರೆ. ಒಂದು ಸಾಲು ಕಾಗದಾನೂ ಇಲ್ಲ."

ಮೇಷ್ಟರಿಗೆ ತಲೆ ಎತ್ತಲಾಗಲಿಲ್ಲ. ಎತ್ತಿದಾಗ ಕಣ್ಣು ಅಡುಗೆಮನೆಯ ಕಡೆ ಹೋಯಿತು. ಒಲೆ ಸಾರಿಸಿ ಹಾಕಿದ್ದ ರಂಗೋಲೆ ಹಾಗೇ ಇತ್ತು. ಗಂಟೆ ಹನ್ನೆರಡೂವರೆ ಆಗಿದ್ದರೂ ಅದರ ಒಂದು ಎಳೆಯೂ ಕೆಟ್ಟಿರಲಿಲ್ಲ, ಬೂದಿಯ ಕಣವೂ ಬಿದ್ದಿರಲಿಲ್ಲ. ಒಳಗಡೆ ಜಯಶೀಲಾ ಗೋಡೆ ಕಡೆ ತಿರುಗಿ ಮಲಗಿದ್ದಳು. ಮೇಷ್ಟರು ಜೇಬಿಗೆ ಕೈಹಾಕಿದರು.

"ಈ ಹದಿನೈದು ರೂಪಾಯಿ..."

"ಬೇಡ. ಕಾಫಿ ಕೊಡ್ತಿದ್ದೆ, ಹಾಲು ಒಡೆದುಹೋಯ್ತು," ಎಂದು ಆಕೆ ಎದ್ದುನಿಂತರು. "ಒಂದು ಉಪಕಾರ ಮಾಡಿ. ಇಲ್ಲೇನು ನೋಡಿದ್ರೋ ಅದನ್ನ ಇಲ್ಲೇ ಬಿಟ್ಟು ಹೋಗಿ. ಯಾರ ಹತ್ರಾನೂ ಆಡಬೇಡಿ. ರಾಮನ ಮೇಲೆ ಆಣೆ ಮಾಡಿ."

ಮೇಷ್ಟರು ಆಣೆ ಮಾಡಿದರು.

ಸಂಜೆ ಭಜನೆ ಮುಗಿದ ಮೇಲೆ ಜಮಖಾನದ ಮೇಲೆ ಸಭೆ ಕೂತಿತು. ಹಿಂದಿರುಗಿದ ಏಳು ಫಾರಮ್ಮುಗಳನ್ನು ರಾಮಪ್ರಸಾದರು ಕನ್ನಡಕ ಏರಿಸಿ ಒಂದೊಂದಾಗಿ ನೋಡಿದರು.

"ಹೆಣಕ್ಕೆ ಶೃಂಗಾರ ಮಾಡಬೇಡ, ಊರಿಗೆ ಉಪಕಾರ ಮಾಡಬೇಡ ಅಂತಾರಲ್ಲ, ಹಾಗಾಯ್ತು," ಎಂದು ಯಾರೋ ಹಿಂದಿನಿಂದ ಅಂದರು. ಕೆಲವರು ನಕ್ಕರು.

"ಸ್ವಲ್ಪ ಸುಮ್ನಿರ್ರಿ," ಎಂದರು ರಾಮಪ್ರಸಾದರು. "ಮೇಷ್ಟ್ರೇ, ನನಗೆ ಇದು ನಿಂತುಹೋಗೋದು ಇಷ್ಟವಿಲ್ಲ. ಆದ್ರೆ ಬೇಡ ಅಂದೋರಿಗೆ ಬಲವಂತವಾಗಿ ಕೊಡೋಕಾಗುತ್ತಾ? ನಾಚಿಕೆಯಿಂದ ಬೇಡ ಅಂದ್ರೋ, ನಿಜವಾಗ್ಲೂ ಬೇಡ್ವೋ, ಅಷ್ಟು ಗೊತ್ತಾದ್ರೆ ಸಾಕು. ನೀವು ಇವತ್ತು ಸೀತಾಲಕ್ಷ್ಮಮ್ಮನ ಮನೆಗೆ ಹೋಗಿದ್ರಂತಲ್ಲ. ಏನು ನೋಡಿದ್ರಿ, ಹೇಳಿ. ಅಲ್ಲಿ ಕಷ್ಟ ಇದೆ ಅಂತ ನೀವು ಒಂದು ಮಾತು ಹೇಳಿ, ವರ್ಷ ಪೂರ್ತಿ ನಡೆಸೋ ಜವಾಬ್ದಾರಿ ನಂದು. ಮಂತ್ರಿಗಳ ಹತ್ರಾನೂ ನಾನೇ ಕರ್ಕೊಂಡು ಹೋಗ್ತೀನಿ."

ಎಲ್ಲರೂ ಮೇಷ್ಟರ ಬಾಯಿ ನೋಡುತ್ತಿದ್ದರು. ಎರಡು ವರ್ಷ ಯಾರೂ ಅವರ ಮಾತಿಗೆ ಇಷ್ಟು ಕಿವಿಗೊಟ್ಟಿರಲಿಲ್ಲ. ಆ ಒಲೆಯ ಸುದ್ದಿ ನಾಲಿಗೆಯ ತುದಿಗೇ ಬಂದಿತ್ತು. ಒಂದೇ ವಾಕ್ಯ ಸಾಕು, ಸಭೆ ಕರಗುತ್ತದೆ. ನಾಳೆ ನಾಲ್ಕು ಜನ ಅನುಕಂಪದ ಮುಖ ಹೊತ್ತು, ಹಿತ್ತಾಳೆ ಡಬ್ಬಿಯಲ್ಲಿ ಅನ್ನ ಸಾರು ಹಿಡಿದು ಆಕೆಯ ಬಾಗಿಲು ಬಡಿಯುತ್ತಾರೆ.

"ನಾನೇನೂ ನೋಡಲಿಲ್ಲ ಸಾರ್," ಎಂದರು ಮೇಷ್ಟರು. "ಬಾಗಿಲಲ್ಲೇ ಮಾತಾಡ್ಸಿ ಬಂದೆ. ಚೆನ್ನಾಗೇ ಇದಾರೆ."

ರಾಮಪ್ರಸಾದರು ಕನ್ನಡಕ ತೆಗೆದಿಟ್ಟು ಪುಸ್ತಕದಲ್ಲಿ ನಿರ್ಣಯ ಬರೆಸಿದರು. ತಿಂಗಳ ಪ್ರಸಾದಕ್ಕೆ ಅಗತ್ಯವಿರುವ ಕುಟುಂಬಗಳು ಈ ಬಡಾವಣೆಯಲ್ಲಿ ಕಂಡುಬಂದಿಲ್ಲವಾದ ಕಾರಣ ಯೋಜನೆಯನ್ನು ಕೈಬಿಡಲಾಗಿದೆ. ಮೇಷ್ಟರೂ ಸಮ್ಮತಿಸಿ ರುಜು ಹಾಕಿದರು. ಮನೆಗೆ ನಡೆಯುವಾಗ ಅವರ ಜೊತೆ ಯಾರೂ ಬರಲಿಲ್ಲ. ಔಟ್‌ಹೌಸಿನ ಬೀಗ ತೆಗೆದು ಒಳಗೆ ಕೂತವರಿಗೆ ದೀಪ ಹಾಕಲೂ ಮನಸ್ಸಾಗಲಿಲ್ಲ. ಹೆಂಡತಿ ಹೋದ ದಿನವೂ ಅಷ್ಟು ಒಂಟಿ ಅನ್ನಿಸಿರಲಿಲ್ಲ. ಅವತ್ತು ಅಳುವುದಕ್ಕಾದರೂ ಬರುತ್ತಿತ್ತು.

ಮಂದಿರದ ಮಾತು ಬೀದಿಗೆ ಬರಲು ಮೈಕೇನೂ ಬೇಕಿಲ್ಲ. ಮಾರನೆಯ ದಿನ ಹೊತ್ತೇರುವ ಮೊದಲೇ ಯಾರು ಏನಂದರೆಂಬುದು ಬ್ಲಾಕಿಗೆಲ್ಲ ಗೊತ್ತಾಯಿತು. ತಾನೇ ಹಚ್ಚಿದ ದೀಪವನ್ನು ತಾನೇ ಊದಿದ ಮೇಷ್ಟ್ರು ಎಂದು ಜನ ಆಡಿಕೊಂಡರು. ಮೂರು ದಿನ ಅವರು ಹೊರಗೇ ಹೊರಡಲಿಲ್ಲ.

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ, ರಸ್ತೆಯಲ್ಲಿ ಯಾರೂ ಇರಲಾರರೆಂದು ಲೆಕ್ಕಹಾಕಿ ಬೆಂಕಿಪೊಟ್ಟಣ ತರಲು ಹೊರಟರು. ತಿರುವಿನಲ್ಲಿ ಸೀತಾಲಕ್ಷ್ಮಮ್ಮ ಉದ್ದಿನ ಹಿಟ್ಟಿನ ಚೀಲ ಹೊತ್ತು ಎದುರಿಗೇ ಬಂದರು. ಮೇಷ್ಟರು ತಲೆ ತಗ್ಗಿಸಿ ರಸ್ತೆಯ ಅಂಚಿಗೆ ಸರಿದರು. ಚಪ್ಪಲಿಯ ಸದ್ದು ಅವರ ಮುಂದೆ ಬಂದು ನಿಂತಿತು.

"ಊಟ ಆಯ್ತಾ ಮೇಷ್ಟ್ರೇ?"

ಊರಿನವರೆಲ್ಲ ಒಬ್ಬರನ್ನೊಬ್ಬರು ಕೇಳುವ ಮಾತು. ಮೇಷ್ಟರು ತಲೆ ಎತ್ತಿದರು.

"ಆಯ್ತಮ್ಮ. ನಿಮ್ದು?"

"ಈಗ ತಾನೆ ಆಯ್ತು," ಎಂದರು ಆಕೆ. ಚೀಲವನ್ನು ಸೊಂಟದ ಇನ್ನೊಂದು ಪಕ್ಕಕ್ಕೆ ಬದಲಾಯಿಸಿಕೊಂಡು, ಬಿಸಿಲಿನಲ್ಲಿ ನೆಟ್ಟಗೆ ನಡೆದು ಹೋದರು. ಆಕೆ ತಿರುವು ದಾಟುವವರೆಗೂ ಮೇಷ್ಟರು ಅಲ್ಲೇ ನಿಂತಿದ್ದರು. ಬೆಳಗಿನಿಂದ ಅವರೂ ಒಲೆ ಹಚ್ಚಿರಲಿಲ್ಲ.